ರಾಹುಕಾಲ ಮುಗಿಯಲೆಂದು ಕಾದ ಮೀನುಮರಿಗಳು

ಮೀನಿಗೆ ಮೊದಲು ನೀರಿನ ಪರಿಚಯ ಮಾಡಿಸಬೇಕು ಎಂದು ಯಾರಾದರೂ ಹೇಳಿದರೆ ನೀವು ನಗುತ್ತೀರೋ ಇಲ್ಲವೋ ಗೊತ್ತಿಲ್ಲ. ನಾನು ನಕ್ಕೆ. ಮೀನುಮರಿ ಕೇಂದ್ರದ ಸಿಮೆಂಟ್ ತೊಟ್ಟಿಯ ಪಕ್ಕ ನಿಂತು, ಇಲಾಖೆಯ ಮೇಡಂ ಮುಖದ ಎದುರಿಗೇ, ಎಲೆಅಡಿಕೆಯ ಕೆಂಪು ಹಲ್ಲು ಬಿಟ್ಟು ನಕ್ಕೆ. ಆಗ ನನಗೆ ಐವತ್ತೆಂಟೋ ಅರವತ್ತೋ. ಅಷ್ಟು ವಯಸ್ಸಾದ ಮೇಲೂ ಬುದ್ಧಿ ಬಂದಿರಲಿಲ್ಲ ಎಂದು ಬರೆಯಲು ನನಗೆ ನಾಚಿಕೆಯಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಭದ್ರಾವತಿ ಹಳೇ ನಗರದ ಸೇತುವೆಯ ಹತ್ತಿರ ಮೂವತ್ತು ವರ್ಷ ಮೀನು ಮಾರಿದೆ. ನಮ್ಮ ಯಜಮಾನರು ಭದ್ರಾ ಹೊಳೆಯಲ್ಲಿ ಬಲೆ ಬಿಡುತ್ತಿದ್ದರು, ನಾನು ಬುಟ್ಟಿ ಹೊರುತ್ತಿದ್ದೆ. ಮೀನು ಬಿಟ್ಟರೆ ನನಗೆ ಗೊತ್ತಿದ್ದ ಇನ್ನೊಂದು ಕೆಲಸ ಬಾಣಂತನ. ನಮ್ಮ ಬೀದಿಯಲ್ಲಿ ಯಾರು ಹೆತ್ತರೂ ಎಳೆಗೂಸಿಗೆ ನೀರು ಹಾಕಲು ನನ್ನನ್ನೇ ಕರೆಯುತ್ತಿದ್ದರು. ಮೀನಿನ ವಾಸನೆ ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದ ಮನೆಯವರೂ ಹೆರಿಗೆಯಾದ ಮೇಲೆ ಬಾಗಿಲಿಗೆ ಬಂದು, "ಸ್ವಲ್ಪ ಬಾರಮ್ಮ, ನಮ್ಮ ಹುಡುಗಿಗೆ ಮಗೂನ ಕಾಲ್ಮೇಲೆ ಹಾಕ್ಕೊಳ್ಳೋಕೇ ಬರಲ್ಲ" ಎನ್ನುತ್ತಿದ್ದರು. ಹೋಗುತ್ತಿದ್ದೆ. ಕೂಸಿಗೆ ಯಾವ ವಾಸನೆಯಾದರೇನು.

ಹೊಳೆಯಲ್ಲಿ ಮೀನು ಕಡಿಮೆಯಾಗುತ್ತ ಬಂದದ್ದು ನಮಗೆ ತಿಳಿಯಲಿಲ್ಲ ಎಂದರೆ ಸುಳ್ಳು. ಆಳೆತ್ತರದ ಬಾಳೆ ಮೀನು ಮೊಳದುದ್ದಕ್ಕೆ ಬಂತು, ಆಮೇಲೆ ಗೇಣುದ್ದಕ್ಕೆ ಬಂತು, ಆಮೇಲೆ ಬರಲೇ ಇಲ್ಲ. ಅಣೆಕಟ್ಟೆಯಿಂದ ಎಂದೆವು, ತೋಟೆ ಸಿಡಿಸಿ ಹಿಡಿಯುವವರಿಂದ ಎಂದೆವು, ಗಂಗಮ್ಮನ ಸಿಟ್ಟು ಎಂದೆವು. ನಮ್ಮ ಕೈಯ ಮಾತು ಮಾತ್ರ ಯಾರೂ ಎತ್ತಲಿಲ್ಲ. ಮೊದಲ ಮಳೆಗೆ ಹೊಟ್ಟೆ ತುಂಬ ತತ್ತಿ ಇಟ್ಟುಕೊಂಡು ಏರಿ ಬರುವ ಮೀನನ್ನು ಮಾರಿದವರು ನಾವೇ. ಕಾರ್ಖಾನೆ ಕ್ವಾರ್ಟರ್ಸಿನ ತಮಿಳು ಹೆಂಗಸರು ಬುಟ್ಟಿಯ ಮುಂದೆ ಕೂತು, "ಮುಟ್ಟೆ ಇರ್ಕಾ ಅಮ್ಮಾ?" ಎಂದು ಕೇಳಿದರೆ, ನಾನು ಮೀನಿನ ಹೊಟ್ಟೆ ಒತ್ತಿ ಹಳದಿ ತತ್ತಿ ತೋರಿಸಿ, "ಬೇಕಾದಷ್ಟಿರ್ಕು ತಾಯಿ" ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ಒಂದು ಹೊಟ್ಟೆಯಲ್ಲಿ ಒಂದು ಕೆರೆಗೆ ಆಗುವಷ್ಟು ಮೀನಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಹೊಳೆ ಕೈಬಿಟ್ಟ ಮೇಲೆ ಕೆರೆಯ ಕಡೆ ನೋಡಿದೆವು. ಭದ್ರಾವತಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ಒಂದು ಕೆರೆ. ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುವಷ್ಟರಲ್ಲಿ ಒಂದು ಸಲ ಎಲೆಅಡಿಕೆ ಉಗಿಯಬೇಕಾಗುತ್ತದೆ. ಅದರ ಮೀನಿನ ಹಕ್ಕು ಬಹಳ ವರ್ಷ ಒಬ್ಬ ಗುತ್ತಿಗೆದಾರನ ಕೈಯಲ್ಲಿತ್ತು. ಎರಡು ಸಾವಿರದ ಇಸವಿಯ ಆಚೀಚೆ, ಹೆಂಗಸರ ಸಂಘಗಳಿಗೂ ಕೆರೆ ಕೊಡುತ್ತಾರೆ ಎಂಬ ಸುದ್ದಿ ಬಂತು. ಮೀನು ಮಾರುವ ಒಂಬತ್ತು ಜನ ಸೇರಿ ಸಂಘ ಮಾಡಿದೆವು, ಶಿವಮೊಗ್ಗದ ಕಚೇರಿಗೆ ಅಲೆದೆವು. ವಿದ್ಯಾನಗರದಲ್ಲಿರುವ ನನ್ನ ಮಗಳು ಅರ್ಜಿ ಬರೆದುಕೊಟ್ಟಳು, ಮಿಕ್ಕವರು ಹೆಬ್ಬೆಟ್ಟು ಒತ್ತಿದರು. ನಾನು ಮಾತ್ರ ಸಹಿ ಹಾಕಿದೆ, ಅದಕ್ಕೇ ನನ್ನನ್ನು ಅಧ್ಯಕ್ಷೆ ಮಾಡಿದರು. ಕೆರೆ ನಮಗೆ ಬಂತು. ಆದರೆ ಒಂದು ಮಾತಿನ ಮೇಲೆ: ಮೊದಲ ವರ್ಷ ನೋಡುತ್ತೇವೆ, ಬೇಸಿಗೆಗೆ ಬಲೆ ಎಳೆದಾಗ ಮೀನು ಕಾಣದಿದ್ದರೆ ಕೆರೆ ಮತ್ತೆ ಹರಾಜಿಗೆ. ಹರಾಜಾದರೆ ಗುತ್ತಿಗೆದಾರನನ್ನು ಬಿಟ್ಟು ಇನ್ನಾರೂ ಕೂಗುವವರಿರಲಿಲ್ಲ.

ಅವನು ಕೆರೆ ಬಿಟ್ಟುಕೊಟ್ಟ ರೀತಿ ನೋಡಿ ನನಗೆ ಮೊದಲ ಸಲ ಹೆದರಿಕೆಯಾಯಿತು. ಹೋಗುವ ಮುನ್ನ ಸೊಳ್ಳೆ ಪರದೆಯಂಥ ಬಲೆ ತಂದು ಮೂರು ದಿನ ಎಳೆಸಿದ್ದ. ನಾವು ಹೋದಾಗ ಏರಿಯ ಮೇಲೆ ಅಕ್ಕಿ ಒಣಹಾಕಿದ ಹಾಗೆ ಬೆಳ್ಳಗೆ ಏನೋ ಹರಡಿತ್ತು. ಬಗ್ಗಿ ನೋಡಿದರೆ ಮೀನಿನ ಮರಿ. ಉಗುರಿನಷ್ಟು, ಹುಣಸೆಬೀಜದಷ್ಟು. ತಿನ್ನಲೂ ಆಗದ, ಮಾರಲೂ ಆಗದ ಮರಿ.

"ಇದನ್ನ ಯಾತಕ್ಕೆ ತೆಗ್ಸಿದ್ರಿ ಸ್ವಾಮಿ?" ಎಂದು ಕೇಳಿದೆ.

"ಖಾಲಿ ಮಾಡಿ ಕೊಡ್ಬೇಕು ತಾನೆ ಅಮ್ಮ? ಮನೆ ಬಿಡೋವಾಗ ಗುಡಿಸಿ ಕೊಡಲ್ವಾ ಹಾಗೆ," ಎಂದ. ಬೈಕ್ ಹತ್ತಿ ಹೋದ.

ಹೀಗೆ ನಮ್ಮ ಕೈಗೆ ಬಂದದ್ದು ಬರೀ ನೀರು. ಮರಿ ತಂದು ಬಿಡಬೇಕಿತ್ತು. ಭದ್ರಾ ಪ್ರಾಜೆಕ್ಟಿನ ಮರಿ ಕೇಂದ್ರಕ್ಕೆ ಹೋದೆವು. ಅಲ್ಲಿ ಆ ಮೇಡಂ ಸಿಕ್ಕಿದ್ದು. ಸಣ್ಣ ಆಳು, ದಪ್ಪ ಕನ್ನಡಕ, ಕಾಲಿಗೆ ರಬ್ಬರ್ ಬೂಟು. ಕಾಟ್ಲಾ, ರೋಹು ಮರಿಗಳನ್ನು ತೋರಿಸಿ, "ಇಪ್ಪತ್ತು ಚೀಲ ಕೊಡ್ತೀವಿ. ನಾಳೆ ನನಗೆ ಬೇರೆ ಕಡೆ ಡ್ಯೂಟಿ ಇದೆ, ನೀವೇ ಬಿಟ್ಕೊಳ್ಳಿ. ಬೆಳಗ್ಗೆ ಬೇಗ ಬಂದು ತಗೊಂಡ್ಹೋಗಿ, ಎಂಟು ಗಂಟೆಯೊಳಗೆ ಬಿಡಿ. ಚೀಲದ ಬಾಯಿ ತಕ್ಷಣ ಬಿಚ್ಚಬೇಡಿ. ಕಟ್ಟಿದ ಹಾಗೇ ಕೆರೆ ನೀರಲ್ಲಿ ಅರ್ಧ ಗಂಟೆ ತೇಲಿಬಿಡಿ. ಆಮೇಲೆ ಸ್ವಲ್ಪ ಸ್ವಲ್ಪ ಕೆರೆ ನೀರು ಚೀಲಕ್ಕೆ ಸೇರಿಸಿ, ಮರಿ ತಾವಾಗೇ ಈಜಿ ಹೋಗಲಿ. ಹೊಸ ನೀರು ಅವಕ್ಕೆ ಪರಿಚಯ ಆಗ್ಬೇಕು" ಎಂದರು.

ಆಗಲೇ ನಾನು ನಕ್ಕದ್ದು. "ಅಲ್ಲ ಮೇಡಂ, ಮೀನಿಗೆ ನೀರು ಪರಿಚಯ ಮಾಡಿಸ್ಬೇಕಾ? ನಾವು ಹೊಳೇಲಿ ಹುಟ್ಟಿದೋರು. ನಮ್ಮಜ್ಜನ ಕಾಲದಿಂದ ಮೀನೇ ನಮ್ಮ ಕಸುಬು."

"ಹಿಡಿಯೋದು ನಿಮ್ಮ ಕಸುಬು ಅಮ್ಮ. ಬಿಡೋದು?" ಎಂದರು ಅವರು.

ಎಲ್ಲರೂ ನಕ್ಕರು. ಬೀಗಿತ್ತಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಈ ಬೀಗಿತ್ತಿ ಎಂದರೆ ನನ್ನ ಸೊಸೆಯ ತಾಯಿ. ಅವಳೂ ಸಂಘದವಳೇ. ಬೀಗಿತ್ತಿಯರು ಒಬ್ಬರನ್ನೊಬ್ಬರು ಬಹುವಚನದಲ್ಲಿ ಮಾತಾಡಿಸಬೇಕು; ನಮ್ಮಿಬ್ಬರದು ಮೀನಿನ ಬುಟ್ಟಿಯ ಸಂಬಂಧ ಮೊದಲು, ಬೀಗತನ ಆಮೇಲೆ. ಹಾಗಾಗಿ ಏಕವಚನ. ಅವಳು ನನಗೆ 'ನೀವು' ಎಂದಳೆಂದರೆ ಸಿಟ್ಟು ನೆತ್ತಿಗೇರಿದೆ ಎಂದು ಅರ್ಥ.

ಮಾರನೆಯ ದಿನ ಶುಕ್ರವಾರ. ಹೊಸ ಕೆರೆ, ಹೊಸ ಸಂಘ, ಗಂಗೆ ಪೂಜೆ ಮಾಡದೆ ಮರಿ ಬಿಡುವುದುಂಟೇ? ಎಲ್ಲರೂ ತಲೆಗೆ ಎರೆದುಕೊಂಡೆವು. ಮರಿ ತುಂಬಿಸಿದ ಟೆಂಪೋ ನೆಟ್ಟಗೆ ಕೆರೆಗೆ ಹೋಗಬೇಕಿತ್ತು. ಹೂವು, ಹಣ್ಣು, ಬಾಗಿನದ ಮೊರ ಹೇರಿಕೊಳ್ಳಲು ಅದನ್ನು ಹಳೇ ನಗರಕ್ಕೆ ತಿರುಗಿಸಿದವಳು ನಾನೇ. ಕೆರೆ ಮುಟ್ಟಿದಾಗ ಹತ್ತೂಕಾಲು. ಆಷಾಢದ ಮೋಡ ಆವತ್ತೇ ಹರಿದು, ಬಿಸಿಲು ಚುರುಗುಟ್ಟುತ್ತಿತ್ತು. ಪೂಜೆಗೆಂದು ಕರೆಸಿದ್ದ ಊರಿನ ಅಯ್ನೋರು ಗಡಿಯಾರ ನೋಡಿದರು.

"ಹತ್ತೂವರೆಗೆ ರಾಹುಕಾಲ ಹತ್ತುತ್ತೆ. ಪೂಜೆ ಮುಗಿಯೋಷ್ಟರಲ್ಲಿ ಒಳಗೆ ಬಂದ್ಬಿಡುತ್ತೆ. ಹನ್ನೆರಡಾಗ್ಲಿ ತಾಯಿ. ಮೊದಲ್ನೇ ಸಲ ಬಿಡ್ತಿದೀರಿ."

"ಆಗ್ಲಿ ಅಯ್ನೋರೆ, ಮೀನೆಲ್ಲಿಗೆ ಓಡಿಹೋಗ್ತಾವೆ," ಎಂದೆ ನಾನು.

ಕಾದೆವು. ನೀರಿನ ಪಕ್ಕ ನಿಂತ ಟೆಂಪೋದಿಂದ ಇಪ್ಪತ್ತು ಚೀಲವನ್ನೂ ಇಳಿಸಿ, ಒಂದನ್ನು ಬಿಟ್ಟು ಮಿಕ್ಕವನ್ನು ಏರಿಯ ಮೇಲೆ ಸಾಲಾಗಿ ಇಟ್ಟೆವು. ನೋಡಲು ಚೆಂದ ಎಂದು. ಪ್ಲಾಸ್ಟಿಕ್ ಚೀಲದೊಳಗೆ ಬೆರಳುದ್ದದ ಮರಿಗಳು ಗಿಜಿಗುಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಸುಮ್ಮನಾದವು. ಮರಿಗಳೂ ಮಲಗಿದವು ಎಂದು ಯಾರೋ ಅಂದರು. ಬೀಗಿತ್ತಿಗೆ ಸೊಂಟನೋವು. ಅವಳ ಪಾಲಿಗೆ ಬಂದ ಚೀಲವನ್ನು ಏರಿ ಹತ್ತಿಸಲು ಆಗದೆ, ಕೆಳಗೆ ನೀರಿನ ಅಂಚಿನಲ್ಲಿ, ಒಂದು ಹೊಂಗೆ ಗಿಡದ ನೆರಳಿಗೆ, ನೀರಲ್ಲೇ ಇಳಿಬಿಟ್ಟು, ಪಕ್ಕದಲ್ಲಿ ಕಾಲು ಚಾಚಿ ಎಲೆಅಡಿಕೆ ಹಾಕುತ್ತ ಕೂತಳು. ನಾನು ಮೇಲಿಂದ ಕೂಗಿದೆ: "ಏ ಮಾರಾಯ್ತಿ, ಸೋಮಾರಿ! ಎಲ್ಲರ ಚೀಲ ಮೇಲಿದೆ, ನಿಂದೊಂದೇ ಕೆಸರಲ್ಲಿ!"

"ನನ್ನ ಚೀಲ ನನ್ನ ಹಂಗೇ, ಬಿಸಿಲಿಗಾಗಲ್ಲ!" ಎಂದಳು.

ಹನ್ನೆರಡಾಯಿತು. ಮಂಗಳಾರತಿ ಆಯಿತು. ಬಾಗಿನ ಬಿಟ್ಟೆವು. ಹಿರಿಯಳು, ಅಧ್ಯಕ್ಷೆ, ಮೊದಲ ಚೀಲ ನನ್ನದು. ಎರಡೂ ಕೈಯಲ್ಲಿ ತಬ್ಬಿ ಎತ್ತಿಕೊಂಡೆ. ಚೀಲ ಬೆಚ್ಚಗಿತ್ತು. ಇದನ್ನು ನಾನು ಮುಚ್ಚಿಡುವುದಿಲ್ಲ: ಬೆಚ್ಚಗಿದೆ ಎಂದು ನನ್ನ ಎದೆಗೆ ಗೊತ್ತಾಯಿತು. ಮೊಣಕಾಲುದ್ದ ನೀರಿಗೆ ಇಳಿದೆ, ನೀರು ತಣ್ಣಗೆ ಕೊರೆಯುತ್ತಿತ್ತು. ಅದೂ ಕಾಲಿಗೆ ಗೊತ್ತಾಯಿತು. ಗೊತ್ತಾಗಿಯೂ ಹುರಿ ಬಿಚ್ಚಿ, ಗಂಗಮ್ಮ ಕಾಪಾಡು ಎಂದು, ಬಿಂದಿಗೆ ನೀರು ಚೆಲ್ಲಿದಂತೆ ಒಂದೇ ಸಲ ಸುರಿದುಬಿಟ್ಟೆ.

ನೀರೆಲ್ಲ ಬೆಳ್ಳಿಯಾಯಿತು. ಅಷ್ಟು ಚೆಂದ! ಮರಿಗಳು ಥಳಥಳ ಹೊಳೆಯುತ್ತ ಗಿರಗಿರ ತಿರುಗಿದವು. ಏರಿಯ ಮೇಲೆ ನಿಂತವರು ಚಪ್ಪಾಳೆ ತಟ್ಟಿದರು. "ಹೆಂಗೆ ಆಡ್ತಾವೆ ನೋಡ್ರೇ!" ಎಂದು ಯಾರೋ ಕಿರುಚಿದರು. ಮಿಕ್ಕವರೂ ಇಳಿದು ಒಂದರ ಹಿಂದೆ ಒಂದು ಚೀಲ ಸುರಿದರು. ಸುರಿದಂತೆಲ್ಲ ಬೆಳ್ಳಿ, ಸುರಿದಂತೆಲ್ಲ ಚಪ್ಪಾಳೆ. ನಾನೂ ಒದ್ದೆ ಕೈಯಲ್ಲಿ ತಟ್ಟಿದೆ.

ಮರಿಗಳು ಮುಂದೆ ಹೋಗಲಿಲ್ಲ. ತಿರುಗುತ್ತಿದ್ದವು ತಿರುಗುವುದನ್ನು ನಿಲ್ಲಿಸಿದವು. ಹೊಳಪು ಹಾಗೇ ಇತ್ತು. ನನ್ನ ಕಾಲಿನ ಸುತ್ತ ಬಂದು ನಿಂತಿದ್ದವು, ಅಲೆ ತಳ್ಳಿದ ಕಡೆಗೆ ಸರಿಯುತ್ತಿದ್ದವು. ಒಂದನ್ನು ಬೊಗಸೆಯಲ್ಲಿ ಎತ್ತಿದೆ. ಹೊಟ್ಟೆ ಮೇಲಾಗಿತ್ತು. ಹೊಳೆಯುತ್ತಿದ್ದದ್ದು ಹೊಟ್ಟೆ.

ಮೂವತ್ತು ವರ್ಷ ಸತ್ತ ಮೀನನ್ನೇ ಮಾರಿದ ಕೈ ಇದು. ಸಾವಿರ ಮೀನಿನ ತಲೆ ಕಡಿದಿದ್ದೇನೆ, ಒಂದು ದಿನವೂ ಊಟ ಸೇರದೆ ಹೋದದ್ದಿಲ್ಲ. ಆವತ್ತು ಆ ಒಂದು ಮರಿಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಮೇಲೆ ಇನ್ನೂ ಒಬ್ಬಳು ಚಪ್ಪಾಳೆ ತಟ್ಟುತ್ತಲೇ ಇದ್ದಳು. "ಮುಚ್ಚೇ ಕೈ!" ಎಂದು ಅರಚಿದೆ. ಅಯ್ನೋರು ಮಂಗಳಾರತಿ ತಟ್ಟೆ ಹಿಡಿದುಕೊಂಡೇ ನಿಂತಿದ್ದರು, ಕರ್ಪೂರ ಆರಿತ್ತು. ಅಷ್ಟರಲ್ಲಿ ಬೆಳ್ಳಕ್ಕಿಗಳು ಬಂದವು. ಅವಕ್ಕೆ ಯಾರು ಹೇಳಿ ಕಳಿಸಿದರೋ.

ಒಬ್ಬಳು ಮಾತ್ರ ಇನ್ನೂ ಕೆಳಗೆ ಕೂತಿದ್ದಳು. ಬೀಗಿತ್ತಿ. ಸೊಂಟ ಹಿಡಿದುಕೊಂಡು ಎದ್ದು, ಏನು ಗಲಾಟೆ ಎಂದು ಕೇಳಿ, ತನ್ನ ಚೀಲದ ಬಾಯಿ ಬಿಚ್ಚಿದಳು. ಎತ್ತಿ ಸುರಿಯಲು ಸೊಂಟ ಬಿಡಲಿಲ್ಲ, ಚೀಲವನ್ನು ಅಲ್ಲೇ ಓರೆ ಮಾಡಿದಳು. ಕಪ್ಪು ಬೆನ್ನಿನ ಮರಿಗಳು ಹೊಗೆಯಂತೆ ಹೊರಬಂದು, ಒಂದು ಸಲ ಗುಂಪಾಗಿ ನಿಂತು, ಆಳಕ್ಕೆ ಇಳಿದು ಮಾಯವಾದವು. ಒಂದೂ ಹೊಳೆಯಲಿಲ್ಲ. ಹತ್ತೊಂಬತ್ತು ಚೀಲ ಸತ್ತು, ಸೋಮಾರಿಯ ಒಂದು ಚೀಲ ಬದುಕಿತು. ಮೇಡಂ ಹೇಳಿದ್ದನ್ನು ಅವಳ ಸೊಂಟನೋವು ಮಾಡಿಸಿತ್ತು.

ಮೇಡಂ ಮಾರನೆಯ ದಿನ ಬಂದರು. ಬೈಯುತ್ತಾರೆ ಎಂದು ಸೆರಗು ಬಿಗಿದುಕೊಂಡು ನಿಂತಿದ್ದೆ. ಬೈಯಲಿಲ್ಲ. ಎಷ್ಟು ಹೊತ್ತು ಬಿಸಿಲಲ್ಲಿ ಇತ್ತು ಎಂದು ಮಾತ್ರ ಕೇಳಿದರು. ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು.

"ಮೊಮ್ಮಕ್ಕಳಿದಾರಾ ಅಮ್ಮ?"

"ಇದಾವೆ. ಬೀದಿ ಮಕ್ಕಳೆಲ್ಲ ನನ್ನ ಕೈಲೇ ನೀರು ಹಾಕಿಸ್ಕೊಂಡಿದ್ದು."

"ನೀರು ಹದ ನೋಡೋದು ಹೆಂಗೆ?"

ನನ್ನ ಮೊಣಕೈ ತಾನಾಗಿ ಮಡಿಚಿತು. ಎಳೆಗೂಸಿನ ನೀರಿಗೆ ಮೊದಲು ಮೊಣಕೈ ಅದ್ದಿ ನೋಡುವುದು ನನ್ನವ್ವ ಕಲಿಸಿದ್ದು. ಎಷ್ಟು ಸೊಸೆಯಂದಿರಿಗೆ ಬೈದಿದ್ದೇನೆ, "ಕೈಬೆರಳು ಸುಳ್ಳು ಹೇಳುತ್ತೆ ಕಣೇ, ಮೊಣಕೈ ಹೇಳಲ್ಲ" ಎಂದು. ಅದೇ ನಾನು ಬೆಚ್ಚಗಿನ ಚೀಲವನ್ನು ಎದೆಗೆ ಅವಚಿಕೊಂಡು ಹೋಗಿ ತಣ್ಣೀರಿಗೆ ಎಸೆದೆ. ಮೇಡಂ ಮತ್ತೇನೂ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಕೇಂದ್ರದಲ್ಲಿ ಆ ವರ್ಷದ ಮರಿ ಮುಗಿದಿತ್ತು. ಬೇರೆಯವರಿಗೂ ಕೊಡಬೇಕಲ್ಲ. ಮಾರ್ಕೆಟ್ಟಿನಲ್ಲಿ ಸುದ್ದಿ ಹರಡಿ, "ಏನಮ್ಮ ಅಧ್ಯಕ್ಷರೇ, ರಾಹುಕಾಲ ಮುಗೀತಾ?" ಎಂದು ಕೋಳಿ ಅಂಗಡಿಯವನೂ ಕೇಳುವ ಹಾಗಾಯಿತು. ಗುತ್ತಿಗೆದಾರ ಒಂದು ದಿನ ಬೈಕ್ ನಿಲ್ಲಿಸಿ, ಏನೂ ಮಾತಾಡದೆ, ನನ್ನ ಬುಟ್ಟಿಯನ್ನು ನೋಡಿ ಹೋದ. ಅದು ಮಾತಿಗಿಂತ ಹೆಚ್ಚು ಉರಿಯಿತು.

ಹದಿನೈದು ದಿನ ಕಳೆದ ಮೇಲೆ ಬೀಗಿತ್ತಿಯ ತಮ್ಮ ಶಿವಮೊಗ್ಗದಿಂದ ಬಂದ. ಮೀನಿನ ವ್ಯಾಪಾರದವನೇ. ಸಂಘದ ಹೆಂಗಸರನ್ನೆಲ್ಲ ಕೂರಿಸಿಕೊಂಡು, "ಅಕ್ಕಾ, ಯಾಕೆ ಅಳ್ತೀರಾ? ನಾನು ಕ್ಯಾಟ್‌ಫಿಶ್ ಮರಿ ಕೊಡ್ತೀನಿ. ಆಫ್ರಿಕಾದ್ದು. ಬಿಸಿಲಲ್ಲಿಡಿ, ಕೆಸರಲ್ಲಿಡಿ, ಸಾಯಲ್ಲ. ಆರು ತಿಂಗಳಿಗೆ ತೊಡೆ ಗಾತ್ರ ಆಗುತ್ತೆ. ಬೇಸಿಗೆಗೆ ಬಲೆ ಎಳೆದ್ರೆ ಹರಿದೇಹೋಗ್ಬೇಕು ಬಲೆ" ಎಂದ.

ಸಾಯಲ್ಲ ಎಂಬ ಮಾತು ಕೇಳಿ ಎಲ್ಲರ ಮುಖ ಅರಳಿತು. ನನ್ನದೂ ಅರಳಿತು. ಆದರೆ ಒಂದು ಸಲ ಕೇಳದೆ ಸುರಿದಿದ್ದೆನಲ್ಲ. "ಸಾಯಲ್ಲ ಸರಿ, ಏನು ತಿನ್ನುತ್ತೆ?" ಎಂದು ಕೇಳಿದೆ.

"ಏನಾದ್ರೂ ತಿನ್ನುತ್ತೆ ಬಿಡಿ ಅಮ್ಮಾ."

"ಏನಾದ್ರೂ ಅಂದ್ರೆ?"

ಬೀಗಿತ್ತಿ ಎದ್ದಳು. "ನೀವು ಸುಮ್ಮನಿರಿ," ಎಂದಳು. ಬಹುವಚನ. "ಹತ್ತೊಂಬತ್ತು ಚೀಲ ಕೊಂದೋರು ನೀವು. ಈಗ ನನ್ನ ತಮ್ಮ ಕೊಡೋಕೆ ಬಂದ್ರೆ ಅದಕ್ಕೂ ಕಲ್ಲು ಹಾಕ್ತೀರಾ? ಕೆರೆ ಹೋದ್ರೆ ಯಾರ ಮಕ ನೋಡೋಣ?"

ಅವಳು ಹೇಳಿದ್ದು ನಿಜ. "ಸರಿ, ಮೀನು ಸಾಕಿದ ಜಾಗ ಒಂದ್ಸಲ ನೋಡಿ ಬರೋಣ. ನೀನೂ ಬಾ. ನೋಡಿದ ಮೇಲೆ ನೀನು ಹೇಳಿದಂಗೆ" ಎಂದೆ.

ಬಸ್ಸು ಬದಲಿಸಿ ಆಯನೂರಿಗೆ ಹೋದೆವು. ಅಲ್ಲಿಂದ ಅವಳ ತಮ್ಮ ತನ್ನ ಲಗೇಜ್ ಆಟೋದಲ್ಲಿ ಒಳದಾರಿಗೆ ಕರೆದುಕೊಂಡು ಹೋದ. ಹೊಂಡ ಕಾಣುವ ಮೊದಲೇ ವಾಸನೆ ಬಂತು. ಮೀನಿನ ವಾಸನೆಯಲ್ಲಿ ಮುಪ್ಪಾದವಳು ನಾನು, ಸೆರಗು ಮೂಗಿಗೆ ಹಿಡಿದೆ. ನಾಲ್ಕು ಹೊಂಡ. ನೀರು ಹಳೇ ಎಂಜಿನ್ ಆಯಿಲ್ ಬಣ್ಣ. ಅಷ್ಟರಲ್ಲಿ ಕೋಳಿ ಅಂಗಡಿಗಳ ಕಸ ಹೇರಿಕೊಂಡು ಒಂದು ಗಾಡಿ ಬಂತು. ಕರುಳು, ತಲೆ, ಪುಕ್ಕ, ಎಲ್ಲ. ಗುದ್ದಲಿಯಿಂದ ಎಳೆದು ಹೊಂಡಕ್ಕೆ ತಳ್ಳಿದರು.

ನೀರು ಕುದಿಯಿತು. ಒಲೆಯ ಮೇಲಿನ ಅಂಬಲಿಯ ಹಾಗೆ ಕುದಿಯಿತು. ಕರಿ ಬೆನ್ನು, ಚಪ್ಪಟೆ ತಲೆ, ಹಾವಿನಂಥ ಮೀಸೆ, ಒಂದರ ಮೇಲೊಂದು ಹತ್ತಿ ಬಾಯಿ ತೆರೆದವು. ಆಮೇಲೆ ನಾನು ನೋಡಿದ್ದನ್ನು ಈಗ ಹೇಳಿದರೂ ಮೊಮ್ಮಕ್ಕಳು ನಂಬುವುದಿಲ್ಲ. ಪಕ್ಕದ ಹೊಂಡದಿಂದ ಒಂದು ಮೀನು ದಡ ಹತ್ತಿತು. ಹಸಿ ಕೆಸರಿನ ಮೇಲೆ ಎದೆ ಒತ್ತಿ, ಬಾಲ ಬಡಿದು, ನನ್ನ ಚಪ್ಪಲಿಯ ಪಕ್ಕದಲ್ಲೇ ದಾಟಿ ಹೋಗಿ, ಊಟ ಇದ್ದ ಹೊಂಡಕ್ಕೆ ಬಿತ್ತು. ನಾನು ಮೀನು ನಡೆದದ್ದನ್ನು ನೋಡಿದೆ. ಮೀನಿಗೆ ಅಂಜಿ ಹಿಂದೆ ಸರಿದದ್ದು ಅದೇ ಮೊದಲು.

ಬೀಗಿತ್ತಿ ನನ್ನ ರಟ್ಟೆ ಹಿಡಿದಿದ್ದಳು. ಅವಳ ತಮ್ಮ ಮಾತ್ರ ಖುಷಿಯಲ್ಲಿದ್ದ. ಮಾಂಸ ತೋರಿಸುತ್ತೇನೆ ಎಂದು ಇನ್ನೊಂದು ಹೊಂಡದಿಂದ ಒಂದನ್ನು ಹಿಡಿಸಿ, ತಲೆಗೆ ಹೊಡೆಸಿ, ಹೊಟ್ಟೆ ಸೀಳಿದ. ಒಳಗೆ ಒಂದು ಹಿಡಿ ಮರಿಗಳಿದ್ದವು, ಅರ್ಧ ಕರಗಿದ್ದವು. ಕಾಟ್ಲಾ ಮರಿಯ ದೊಡ್ಡ ತಲೆ ನನಗೆ ಗೊತ್ತಾಯಿತು.

"ಇದ್ಯಾವ ಮರಿನೋ?" ಎಂದಳು ಬೀಗಿತ್ತಿ.

"ಈ ಹೊಂಡಕ್ಕೆ ನಿನ್ನೆ ಕಾಟ್ಲಾ ಮರಿ ಬಿಟ್ಟಿದ್ರು ಅಕ್ಕ. ಇದ್ರ ಜೊತೆಗೆ ಉಳೀಲಿಲ್ಲ."

"ಒಂದೂ ಉಳೀಲಿಲ್ವಾ?"

"ಇದ್ರ ಜೊತೆ ಯಾವ್ದು ಉಳಿಯುತ್ತೆ? ಅದೇ ಇದ್ರ ತಾಕತ್ತು."

ವಾಪಸು ಬಸ್ಸು ಹತ್ತಿದೆವು. ಶಿವಮೊಗ್ಗ ದಾಟಿದ ಮೇಲೆ ಅವಳೇ ಮಾತಾಡಿದಳು.

"ನನ್ನ ಚೀಲ ಒಂದೇ ಕಣೇ ಬದುಕಿದ್ದು."

"ಹೂಂ."

"ಆ ಮುಂಡೇಗಂಡ ಮೀನು ಬಿಟ್ರೆ ನನ್ನ ಚೀಲಾನೂ ತಿಂದ್ಹಾಕುತ್ತೆ."

"ಹೂಂ."

"ಹೂಂ ಹೂಂ ಅಂತಿ, ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳೋಕೆ ಬಂದ್ರೆ ಬಹುವಚನ ಹಾಕ್ದೆ," ಎಂದೆ. ಅವಳು ಕಿಟಕಿಗೆ ಮುಖ ಮಾಡಿ ಉಗಿದಳು.

ಸಂಘದಲ್ಲಿ ಅವಳೇ ಬೇಡ ಎಂದಳು. ತಮ್ಮ ಆರು ತಿಂಗಳು ಅವಳ ಮನೆಗೆ ಕಾಲಿಡಲಿಲ್ಲ. ಸರ್ಕಾರವೂ ಆ ಮೀನು ಸಾಕಬಾರದು ಎಂದಿದೆ ಎಂದು ಮೇಡಂ ಆಮೇಲೆ ಹೇಳಿದರು. ಸರ್ಕಾರ ಹೇಳಿದ್ದು ನಮಗೆ ಗೊತ್ತಿರಲಿಲ್ಲ; ಆ ಮೀನು ಕೆಸರಿನ ಮೇಲೆ ನಡೆದದ್ದನ್ನು ನೋಡಿದ್ದೆವು, ಸಾಕಾಗಿತ್ತು.

ಬೇಡ ಎನ್ನುವುದು ಸುಲಭ, ಕೆರೆಗೆ ಮೀನು ಎಲ್ಲಿಂದ? ಒಂದು ಚೀಲದಿಂದ ಕೆರೆ ತುಂಬದು. ನಮ್ಮ ಜನರಿಗೆ ಗೊತ್ತಿದ್ದ ಇನ್ನೊಂದೇ ದಾರಿ ಕೋಡಿ. ಶ್ರಾವಣದಲ್ಲಿ ಕೆರೆ ತುಂಬಿ ಕೋಡಿ ಬಿದ್ದರೆ, ಆ ನೀರು ಹಳ್ಳಕ್ಕಿಳಿದು ಹೊಳೆ ಸೇರುತ್ತದೆ. ಅದೇ ಹರಿವಿಗೆ ಎದುರಾಗಿ ಹೊಳೆಯ ಮೀನು ಹತ್ತಿ ಬರುತ್ತದೆ, ತತ್ತಿ ಇಡಲು. ಕೋಡಿ ಬಿದ್ದ ದಿನ ಗಂಡಸರೆಲ್ಲ ಕೂಣಿ ಹೊತ್ತು ಓಡುವುದು ರೂಢಿ. ಕೂಣಿ ಎಂದರೆ ಬಿದಿರಿನ ಬುಟ್ಟಿಯಂಥ ಬಲೆ. ಮೀನು ಒಳಗೆ ಹೋದರೆ ತಿರುಗಿ ಬರಲಾರದು. ಅದು ನಮಗೆ ಹಬ್ಬದ ಹಾಗೆ. ನಾನು ಮದುವೆಯಾಗಿ ಬಂದ ವರ್ಷ ನಮ್ಮ ಯಜಮಾನರು ಮೊದಲು ಕೊಟ್ಟ ಸೀರೆ ಕೋಡಿ ಮೀನಿನ ದುಡ್ಡಿನದು.

ಆ ವರ್ಷ ಕೂಣಿ ಹಾಕಬಾರದು, ಹತ್ತುವ ಮೀನೆಲ್ಲ ಕೆರೆಗೆ ಹೋಗಲಿ ಎಂದು ಸಂಘ ಗೊತ್ತು ಮಾಡಿತು. ಮನೆಯಲ್ಲಿ ಹೇಳಿದೆ. ಯಜಮಾನರು ಕೇಳಿಸದವರಂತೆ ಬೀಡಿ ಸೇದಿದರು. ಕೋಡಿ ಬಿದ್ದ ಸುದ್ದಿ ಬಂದ ಬೆಳಗ್ಗೆ ಎದ್ದು ನೋಡಿದರೆ ಮನುಷ್ಯ ಇಲ್ಲ, ಅಟ್ಟದ ಮೇಲಿನ ಕೂಣಿಯೂ ಇಲ್ಲ.

ಮೊದಲ ಬಸ್ಸಿಗೆ ಹೋದೆ. ಕೋಡಿಯ ಕೆಳಗೆ, ಸೊಂಟಮಟ್ಟ ನೀರಲ್ಲಿ, ನನ್ನ ಗಂಡನೇ. ನನ್ನ ಗಂಡನನ್ನು ನೋಡಿ ಇನ್ನೂ ನಾಲ್ವರು. ಊರವರು ಮೀನು ಹಿಡಿದಿದ್ದರೆ ಜಗಳವಾಡಬಹುದಿತ್ತು.

"ರೀ! ಎತ್ರೀ ಅದನ್ನ!"

"ಒಂದ್ ಸಲ ಕಣೇ. ಐವತ್ತು ವರ್ಷದ ರೂಢಿ. ಕೋಡಿ ಮೀನು ಬಿಟ್ರೆ ಗಂಗಮ್ಮ ಮುನೀತಾಳೆ."

"ನಾನು ರಾಹುಕಾಲ ನೋಡಿ ಹತ್ತೊಂಬತ್ತು ಚೀಲ ಕೊಂದೆ. ನೀವು ಗಂಗಮ್ಮನ ಹೆಸರಲ್ಲಿ ಇಪ್ಪತ್ತನೇದು ಕೊಲ್ಲಿ. ಇಬ್ಬರೂ ಸೇರಿ ಗುತ್ತಿಗೆದಾರನಿಗೆ ಆರತಿ ಎತ್ತೋಣ!"

ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ. ಅವರು ತಡೆಯಲಿಲ್ಲ, ನಾಲ್ವರ ಎದುರು ಹೆಂಡತಿಯ ಕೈ ಹಿಡಿದು ಎಳೆದಾಡುವುದು ಅವರಿಗಾಗದು. ಕೂಣಿ ಎತ್ತಿದೆ. ತುಂಬಿತ್ತು. ಪಕ್ಕೆಯಲ್ಲಿ ಕೆಂಪು ಗೆರೆ ಬಂದ ಗೆಂಡೆ ಮೀನುಗಳು, ಎರಡು ದೊಡ್ಡ ಕೊರವ ಮೀನು. ಒಂದೊಂದರ ಹೊಟ್ಟೆಯೂ ತುಂಬು ಬಸುರಿಯ ಹೊಟ್ಟೆ. ಎತ್ತುವಾಗ ನನ್ನ ಬೆರಳು ತಾಗಿದ್ದಕ್ಕೇ ಒಂದರಿಂದ ತತ್ತಿ ಸೋರಿ ಅಂಗೈಗೆ ಅಂಟಿತು. ಮಾರ್ಕೆಟ್ಟಿನಲ್ಲಿ ನಾನು ನಗುತ್ತ ಒತ್ತಿ ತೋರಿಸುತ್ತಿದ್ದ ಅದೇ ಹಳದಿ. ಮೂವತ್ತು ವರ್ಷ, ಎಷ್ಟು ಮಳೆಗಾಲ, ಎಷ್ಟು ಬುಟ್ಟಿ! ಹೊಳೆ ಯಾಕೆ ಬರಿದಾಯಿತು ಎಂದು ಇನ್ನಾರನ್ನೂ ಕೇಳಬೇಕಾಗಿರಲಿಲ್ಲ.

ಕೂಣಿಯನ್ನು ಕೋಡಿಯ ಮೇಲಕ್ಕೆ ಹೊತ್ತು ಕೆರೆಯ ನೀರಿನಲ್ಲಿ ಬಾಯಿ ಬಿಚ್ಚಿದೆ. ಮಿಕ್ಕ ನಾಲ್ವರೂ ಗೊಣಗುತ್ತ ತಮ್ಮ ಕೂಣಿ ಎತ್ತಿದರು. ನಮ್ಮ ಯಜಮಾನರು ಮೂರು ದಿನ ನನ್ನ ಕೈ ಅಡಿಗೆ ಉಂಡರೂ ಮಾತಾಡಲಿಲ್ಲ. ನಾಲ್ಕನೇ ದಿನ ಮಾತಾಡಿದರು: "ಆ ಕೂಣಿ ನನ್ನಪ್ಪ ಹೆಣೆದದ್ದು. ಮುರೀಲಿಲ್ಲ ತಾನೆ?" ಮುರಿದಿರಲಿಲ್ಲ.

ಭಾದ್ರಪದದ ಹೊತ್ತಿಗೆ ಒಂದು ಬೆಳಗ್ಗೆ ಏರಿಯ ಮೇಲೆ ನಿಂತಾಗ ನೀರಿನ ಮೇಲೆ ಯಾರೋ ಕುಂಕುಮ ಚೆಲ್ಲಿದಂತೆ ಕಂಡಿತು. ಕುಂಕುಮ ಸರಿದಾಡುತ್ತಿತ್ತು. ಕೊರವದ ಮರಿಗಳು, ಸಾವಿರಾರು, ಒಂದೇ ಉಂಡೆಯಾಗಿ ಮೇಲೆ ಬಂದು ಗುಟುಕು ಗಾಳಿ ತೆಗೆದುಕೊಳ್ಳುತ್ತಿದ್ದವು. ಕೆಳಗೆ ತಾಯಿಯ ಕಪ್ಪು ನೆರಳು. ಆ ಕೆಂಪು ಕಂಡಲ್ಲಿ ಗಾಳ ಇಳಿಬಿಟ್ಟರೆ ತಾಯಿ ಸಿಕ್ಕೇ ಸಿಗುತ್ತದೆ, ಮರಿ ಕಾಯಲು ಎದುರು ಬರುತ್ತದಲ್ಲ. ನಮ್ಮಪ್ಪ ಹಾಗೇ ಹಿಡಿಯುತ್ತಿದ್ದ. ತಾಯಿ ಹೋದ ಗಳಿಗೆಗೆ ಮರಿಯೆಲ್ಲ ಬೇರೆ ಮೀನಿನ ಪಾಲು. ನಾವು ಒಂಬತ್ತು ಜನ ಸರದಿಯ ಮೇಲೆ ಕಾದೆವು. ಬೀಗಿತ್ತಿಯ ಸರದಿಯಲ್ಲಿ ಅವಳು ನಿದ್ದೆ ಮಾಡುತ್ತಿದ್ದಳು. ಆದರೂ ಅವಳ ಬಾಯಿಗೆ ಅಂಜಿ ಗಾಳದವರು ಬರಲಿಲ್ಲ.

ಬೇಸಿಗೆ ಬಂತು. ಬಲೆ ಎಳೆಯುವ ದಿನ ಗುತ್ತಿಗೆದಾರ ಬೈಕ್ ಮೇಲೆ ಕಾಲು ಹಾಕಿಕೊಂಡು ಏರಿಯಲ್ಲಿ ಕೂತಿದ್ದ. ನಮ್ಮದು ಮೇಡಂ ಹೇಳಿದ ಬಲೆ, ಮೂರು ಬೆರಳು ತೂರುವ ಕಣ್ಣಿನದು. ಮೊದಲ ಎಳೆತಕ್ಕೆ ಬಲೆ ಹಗುರವಾಗಿ ಬಂತು. ಗೆಂಡೆ ಹತ್ತಿಪ್ಪತ್ತು, ಅಷ್ಟೇ. ಅವನು ನಕ್ಕ. ಎರಡನೇ ಎಳೆತ ಆಳಕ್ಕೆ. ಅರ್ಧ ದಾರಿಗೆ ಬಲೆ ನಿಂತಿತು. ಮರದ ಬೊಡ್ಡೆಗೆ ಸಿಕ್ಕಿತು ಎಂದು ಗಂಡಸರು ಬೈದುಕೊಂಡರು. ಬೊಡ್ಡೆ ಬಾಲ ಬಡಿಯಿತು. ಒಂದು ಚೀಲದ ಮರಿಗಳು ಇಡೀ ಕೆರೆಯ ಮೇವನ್ನು ತಾವೇ ತಿಂದು ಬೆಳೆದಿದ್ದವು. ಕಾಟ್ಲಾದ ತಲೆ ನನ್ನ ಎರಡು ಅಂಗೈ ಜೋಡಿಸಿದಷ್ಟು.

"ಯಾರ ಚೀಲ? ಯಾರ ಚೀಲ ಹೇಳ್ರೇ!" ಎಂದು ಬೀಗಿತ್ತಿ ಸೊಂಟನೋವು ಮರೆತು ಕುಣಿದಳು.

ಬಹಳ ಸಿಗಲಿಲ್ಲ. ಆದರೆ ಕಾಣದೆ ಹೋಗಲಿಲ್ಲ, ಮಾತು ಇದ್ದದ್ದು ಅಷ್ಟೇ. ನೋಡಲು ಬಂದಿದ್ದ ಮೇಡಂ ಬರೆದುಕೊಂಡರು. ಗೇಣಿಗಿಂತ ಸಣ್ಣದನ್ನೆಲ್ಲ ವಾಪಸು ಬಿಟ್ಟೆವು. ಬೈಕ್ ಯಾವಾಗ ಹೋಯಿತೋ ನಾನು ನೋಡಲಿಲ್ಲ.

ಮುಂದಿನ ಆಷಾಢದಲ್ಲಿ ಮತ್ತೆ ಇಪ್ಪತ್ತು ಚೀಲ. ಬೆಳಗ್ಗೆ ಏಳಕ್ಕೇ ಕೆರೆ ಮುಟ್ಟಿಸಿದೆವು. ಅಯ್ನೋರು ಪೂಜೆಗೆ ಬಂದರು. ಪಂಚಾಂಗ ಅವರೇ ಮನೆಯಲ್ಲಿ ಬಿಟ್ಟು ಬಂದಿದ್ದರು. ಚೀಲಗಳನ್ನು ಕಟ್ಟಿದ ಹಾಗೇ ನೀರಲ್ಲಿ ತೇಲಿಬಿಟ್ಟು, ಒಂಬತ್ತು ಹೆಂಗಸರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆವು. ಹೊತ್ತಾದ ಮೇಲೆ ಬಾಯಿ ಬಿಚ್ಚಿ ಒಂದು ಮೊಣಕೈ ಚೀಲಕ್ಕೆ, ಒಂದು ಮೊಣಕೈ ಕೆರೆಗೆ. ಎರಡೂ ಒಂದೇ ಎನ್ನುವವರೆಗೆ ಯಾರೂ ಅಲುಗಾಡಲಿಲ್ಲ. ಆಮೇಲೆ ಚೀಲ ಓರೆ ಮಾಡಿದೆ.

ಮರಿಗಳು ಹೊರಬಂದವು. ತಿರುಗುವಾಗ ಒಂದೆರಡು ಪಕ್ಕೆ ಥಳಕ್ಕೆಂದವು, ಏರಿಯ ಮೇಲಿಂದ ಯಾರೋ ಚಪ್ಪಾಳೆ ತಟ್ಟಿದರು. "ತಟ್ಬೇಡ್ರೋ!" ಎಂದೆ. ನೀರನ್ನೇ ನೋಡುತ್ತ ನಿಂತೆ, ಕಣ್ಣು ಮಿಟುಕಿಸದೆ. ಕಪ್ಪು ಬೆನ್ನುಗಳು ಒಂದು ಸಲ ಗುಂಪಾದವು, ತಲೆ ಕೆಳಗೆ ಮಾಡಿದವು, ಇಳಿದವು. ಹಸಿರು ನೀರು ಬಿಟ್ಟರೆ ಏನೂ ಕಾಣಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನೋಡಿದೆ. ಏನೂ ಮೇಲೆ ಬರಲಿಲ್ಲ.

"ಈಗ ತಟ್ರಿ," ಎಂದೆ.